ಕಣ್ಣು ಕುಕ್ಕುವ ಬೆಳಕು, ಕಾಣೆಯಾಗುವ ದಾರಿ

ವಿಜಯಪುರದಿಂದ ದೇವರ ಹಿಪ್ಪರಗಿಯನ್ನು ದಾಟಿ ಸಿಂದಗಿಗೆ, ಸಿಂದಗಿಯಿಂದ ಮೋರಟಗಿಯ ಮೇಲೆ ಜೇವರ್ಗಿಗೆ ಸಾಗುವ ರಸ್ತೆ ಎರೆಭೂಮಿಯ ಬಯಲನ್ನು ಸೀಳಿಕೊಂಡು ಹೋಗುತ್ತದೆ. ಹಿಂದೆ 218 ಎಂಬ ಸಂಖ್ಯೆಯನ್ನು ಹೊತ್ತಿದ್ದ ಈ ದಾರಿ ಈಗ 50ನೆಯ ರಾಷ್ಟ್ರೀಯ ಹೆದ್ದಾರಿಯ ಭಾಗ. ಎರಡೂ ಬದಿಗೆ ತೊಗರಿ, ಬಿಳಿಜೋಳ, ಹತ್ತಿ. ನೀರಾವರಿ ತಲುಪಿದಲ್ಲೆಲ್ಲ ಕಬ್ಬು. ಗುಡ್ಡವಿಲ್ಲ, ದಟ್ಟ ಮರಗಳಿಲ್ಲ, ತಿರುವುಗಳೂ ಕಡಿಮೆ. ಕಬ್ಬು ಅರೆಯುವ ಹಂಗಾಮಿನ ರಾತ್ರಿಗಳಲ್ಲಿ ಈ ರಸ್ತೆಯ ಮೇಲೆ ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರುಗಳು ಹೊರಡುತ್ತವೆ. ಹೇರಿದ ಕಬ್ಬು ಹಿಂದಕ್ಕೆ ಚಾಚಿ, ಇದ್ದೊಂದು ಕೆಂಪು ದೀಪವನ್ನೂ ಮುಚ್ಚಿರುತ್ತದೆ. ಅವುಗಳ ಜೊತೆಗೆ ಚಕ್ಕಡಿ, ಕುರಿಹಿಂಡು, ಸೈಕಲ್ಲು, ಬರಿಗಾಲು. ಇವೆಲ್ಲದರ ನಡುವೆ ದೂರದ ಅಂಚಿನಲ್ಲಿ ಬೆಳ್ಳಗೆ, ನೀಲಿ ಛಾಯೆಯ ಎರಡು ಚುಕ್ಕೆಗಳು ಮೂಡುತ್ತವೆ. ನಿಮಿಷ ಕಳೆಯುವಷ್ಟರಲ್ಲಿ ಅವು ಎರಡು ಸೂರ್ಯರಾಗುತ್ತವೆ. ಎದುರಿಗಿದ್ದವರಿಗೆ ರಸ್ತೆಯೂ ಇಲ್ಲ, ರಸ್ತೆಯ ಅಂಚೂ ಇಲ್ಲ, ಅಂಚಿನಲ್ಲಿ ನಡೆಯುತ್ತಿರುವ ಮನುಷ್ಯನೂ ಇಲ್ಲ.

ಮಲೆನಾಡಿನ ಪತ್ರಿಕೆಯೊಂದರಲ್ಲಿ ಸಿಂದಗಿಯ ಹೆದ್ದಾರಿಯ ದೀಪದ ಮಾತೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಘಟ್ಟದ ರಸ್ತೆಯಲ್ಲಿ ತಿರುವು ತಿರುವಿಗೂ ಬೆಟ್ಟದ ಮಗ್ಗುಲು ಬೆಳಕನ್ನು ತಡೆಯುತ್ತದೆ, ಕಾಡು ಅದನ್ನು ನುಂಗಿಕೊಳ್ಳುತ್ತದೆ. ಬಯಲಿನಲ್ಲಿ ತಡೆಯುವುದಕ್ಕೆ ಏನೂ ಇಲ್ಲ. ಅಲ್ಲಿ ಒಂದು ವಾಹನದ ಬೆಳಕು ಒಂದು ಊರಿನ ಇರುಳನ್ನೇ ಕದಡಬಲ್ಲದು. ಆದ್ದರಿಂದ ಘಟ್ಟದಲ್ಲಿ ಅರ್ಧ ಮುಚ್ಚಿಹೋಗುವ ಈ ಕೇಡು ಎರೆಬಯಲಿನಲ್ಲಿ ತನ್ನ ನಿಜರೂಪವನ್ನು ತೋರಿಸುತ್ತದೆ. ರೋಗವನ್ನು ಅದು ಚೆನ್ನಾಗಿ ಕಾಣುವ ಕಡೆಯಲ್ಲಿಯೇ ಪರೀಕ್ಷಿಸುವುದು ವಿವೇಕ.

ಈ ಬೆಳಕಿನ ಒಂದು ಪಾಲು ಹುಟ್ಟುವುದು ಕಾರ್ಖಾನೆಯಲ್ಲಲ್ಲ, ಮನೆಯ ಅಂಗಳದಲ್ಲಿ. ಭಾನುವಾರದ ಬೆಳಗ್ಗೆ ಹಳೆಯ ಕಾರಿನ ಬಾನೆಟ್ಟು ತೆರೆದುಕೊಳ್ಳುತ್ತದೆ. ಅದು ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದಲ್ಲಿ ತಯಾರಿಸಿದ, ರ್‍ಯಾಲಿಪ್ರಿಯರ ಮನಗೆದ್ದಿದ್ದ ಎರಡು ಬಾಗಿಲಿನ ಡಾಲ್ಫಿನ್ ಇರಬಹುದು. 1984ರಲ್ಲಿ ಬಂದ ಕಾಂಟೆಸಾ ಇರಬಹುದು. ಹೊಸ ಶತಮಾನದ ಹೊಸ್ತಿಲಲ್ಲಿ ಹುಡುಗರ ಪಾಲಿಗೆ ಸ್ಪೋರ್ಟ್ಸ್ ಕಾರೇ ಆಗಿದ್ದ ಫೋರ್ಡ್ ಐಕಾನ್ ಅಥವಾ ಫಿಯೆಟ್ ಪಾಲಿಯೊ ಇರಬಹುದು. ಇಂಥ ಕಾರುಗಳನ್ನು ಗುಜರಿಗೆ ಹಾಕದೆ, ಕೈಯಾರೆ ದುರಸ್ತಿ ಮಾಡಿಕೊಂಡು ಓಡಿಸುವವರು ಪರಿಸರದ ಶತ್ರುಗಳಲ್ಲ. ಕೊಂಡು ಬಿಸಾಡುವ ಈ ಕಾಲದಲ್ಲಿ ಇದ್ದುದನ್ನು ಉಳಿಸಿಕೊಳ್ಳುವ ಗುಣ ಮೆಚ್ಚತಕ್ಕದ್ದೇ. ಅವರ ದೂರಿನಲ್ಲಿಯೂ ಹುರುಳಿದೆ: ಹಳೆಯ ದೀಪ ಮಬ್ಬಾಗಿದೆ, ರಾತ್ರಿ ರಸ್ತೆ ಕಾಣುವುದಿಲ್ಲ, ಎದುರಿನ ಹೊಸ ಗಾಡಿಗಳ ಬೆಳಕಿನಲ್ಲಿ ತಮ್ಮ ಬೆಳಕು ಇದ್ದೂ ಇಲ್ಲದಂತಾಗಿದೆ.

ತಪ್ಪು ಇರುವುದು ದೂರಿನಲ್ಲಲ್ಲ, ಅದಕ್ಕೆ ಪೇಟೆ ಹೇಳಿಕೊಟ್ಟಿರುವ ಪರಿಹಾರದಲ್ಲಿ. ಹಳೆಯ ಹ್ಯಾಲೊಜನ್ ಬಲ್ಬನ್ನು ಕಿತ್ತು, ಅದೇ ಗೂಡಿನಲ್ಲಿ ಎಲ್‌ಇಡಿ ಬಲ್ಬನ್ನೋ ಎಚ್‌ಐಡಿ ಕಿಟ್ಟನ್ನೋ ಕೂರಿಸಿದರೆ ರಾತ್ರಿ ಹಗಲಾಗುತ್ತದೆ ಎಂಬುದು ಆ ಪರಿಹಾರ. ಹತ್ತು ನಿಮಿಷದ ಕೆಲಸ, ಸ್ಕ್ರೂಡ್ರೈವರ್ ಕೂಡ ಬೇಡ ಎಂಬ ಜಾಹೀರಾತು. ಗೋಡೆಯ ಮೇಲೆ ಬಿದ್ದ ಬೆಳಕು ಬೆಳ್ಳಗೆ ಕಾಣುತ್ತದೆ, ಒಡೆಯನಿಗೆ ಸಂತೋಷವಾಗುತ್ತದೆ. ಆ ಬೆಳಕು ಯಾರ ಕಣ್ಣಿಗೆ ಬೀಳಲಿದೆ ಎಂಬುದನ್ನು ಅಂಗಳದ ಗೋಡೆ ಹೇಳುವುದಿಲ್ಲ.

ದೀಪವೆಂದರೆ ಬಲ್ಬಲ್ಲ

ಮೊದಲು ಅರಿಯಬೇಕಾದ ಸಂಗತಿ ಇದು: ಕಾರಿನ ದೀಪವೆಂದರೆ ಬಲ್ಬು ಮಾತ್ರವಲ್ಲ. ಬಲ್ಬು, ಅದರ ಹಿಂದಿನ ಪ್ರತಿಫಲಕ, ಮುಂದಿನ ಗಾಜು ಈ ಮೂರೂ ಸೇರಿ ಒಂದೇ ಉಪಕರಣ. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿರುವ ಎಚ್4 ಬಲ್ಬನ್ನು ನೋಡಿದರೆ ಇದು ಅರ್ಥವಾಗುತ್ತದೆ. ಅದರಲ್ಲಿ ಎರಡು ತಂತಿಗಳಿವೆ: ದೂರಬೆಳಕಿಗೆ 60 ವಾಟಿನದು, ಚಾಲಕರು ‘ಡಿಮ್’ ಎನ್ನುವ ತಗ್ಗುಬೆಳಕಿಗೆ 55 ವಾಟಿನದು. ತಗ್ಗುಬೆಳಕಿನ ತಂತಿಯ ಕೆಳಗೆ ಚಮಚದಂಥ ಪುಟ್ಟ ಲೋಹದ ಬಟ್ಟಲೊಂದಿದೆ. ಅದು ಬೆಳಕು ಪ್ರತಿಫಲಕದ ಕೆಳಭಾಗಕ್ಕೆ ಬೀಳದಂತೆ ತಡೆಯುತ್ತದೆ. ಹಾಗೆ ತಡೆದುದರಿಂದಲೇ ಬೆಳಕು ಎದುರಿನವರ ಕಣ್ಣಿಗೆ ಏರದೆ ರಸ್ತೆಗೆ ಇಳಿಯುತ್ತದೆ. ಎಡಬದಿಯಲ್ಲಿ ಮಾತ್ರ ಬೆಳಕು ಸ್ವಲ್ಪ ಮೇಲೇರಿ, ರಸ್ತೆಯಂಚಿನಲ್ಲಿ ನಡೆಯುವವರನ್ನು ತೋರಿಸುತ್ತದೆ. ಈ ಏರ್ಪಾಡೆಲ್ಲ ನಿಂತಿರುವುದು ಆ ತಂತಿ ತನ್ನ ನಿಗದಿತ ಜಾಗದಲ್ಲಿ, ಮಿಲಿಮೀಟರಿನಷ್ಟೂ ಕದಲದೆ ಇರುವುದರ ಮೇಲೆ.

ಎಲ್‌ಇಡಿ ಬಲ್ಬಿನಲ್ಲಿ ತಂತಿಯಿಲ್ಲ. ಒಂದು ಹಲಗೆಯ ಎರಡು ಮಗ್ಗುಲಿಗೆ ಅಂಟಿಸಿದ ಚಿಪ್ಪುಗಳಿವೆ. ತಂತಿಯಂತೆ ಸುತ್ತಲೂ ಸಮನಾಗಿ ಬೆಳಗುವ ಸ್ವಭಾವ ಅವುಗಳಿಗಿಲ್ಲ. ಹಳೆಯ ಪ್ರತಿಫಲಕಕ್ಕೆ ಈ ಹೊಸ ಮೂಲದ ಗುರುತಿಲ್ಲ. ಬಂದ ಬೆಳಕನ್ನು ಅದು ಅಡ್ಡಾದಿಡ್ಡಿ ಚೆಲ್ಲುತ್ತದೆ. ಒಂದಷ್ಟು ಕಾರಿನ ಮೂಗಿನ ಮುಂದೆಯೇ ಸುರಿಯುತ್ತದೆ, ಒಂದಷ್ಟು ಆಕಾಶಕ್ಕೆ, ಒಂದಷ್ಟು ಎದುರಿನವರ ಕಣ್ಣಿಗೆ. ಎಚ್‌ಐಡಿಯ ಕಥೆ ಇದಕ್ಕಿಂತ ಕೆಟ್ಟದ್ದು. ಎಚ್4 ಬಲ್ಬಿನ ತಗ್ಗುಬೆಳಕು ಸುಮಾರು 1,000 ಲ್ಯೂಮೆನ್. ಕಾರ್ಖಾನೆಯಲ್ಲಿಯೇ ಜೋಡಿಸುವ ಎಚ್‌ಐಡಿ ಬಲ್ಬು 3,200 ಲ್ಯೂಮೆನ್ ಬೆಳಕನ್ನು ಹೊಮ್ಮಿಸುತ್ತದೆ. ಆದ್ದರಿಂದಲೇ ಯುರೋಪಿನ ನಿಯಮಗಳು 2,000 ಲ್ಯೂಮೆನ್ ಮೀರಿದ ತಗ್ಗುಬೆಳಕಿನ ಮೂಲಕ್ಕೆ ದೀಪ ತೊಳೆಯುವ ಸಾಧನವನ್ನೂ, ಹೊರೆಗೆ ತಕ್ಕಂತೆ ದೀಪವನ್ನು ತಾನಾಗಿ ಬಗ್ಗಿಸುವ ಯಂತ್ರವನ್ನೂ ಕಡ್ಡಾಯ ಮಾಡಿದವು. ಅಂಗಳದಲ್ಲಿ ಕೂರಿಸುವ ಕಿಟ್ಟಿನಲ್ಲಿ ಇವೆರಡೂ ಇರುವುದಿಲ್ಲ. ಇರುವುದು ಬೆಳಕು ಮಾತ್ರ, ಅದಕ್ಕೆ ಲಗಾಮಿಲ್ಲ.

ಇನ್ನೂ ಒಂದು ಮೋಸವಿದೆ. ರಸ್ತೆಯ ಬಲಬದಿಯಲ್ಲಿ ಓಡಾಡುವ ದೇಶಗಳಿಗೆಂದು ಮಾಡಿದ ದೀಪಗಳನ್ನು ಹಳೆಯ ಕಾರಿನ ಅಭಿಮಾನಿಗಳು ತರಿಸಿಕೊಳ್ಳುವುದುಂಟು. ಅವುಗಳ ಬೆಳಕು ಬಲಕ್ಕೆ ಮೇಲೇರುತ್ತದೆ. ಇಲ್ಲಿ ಬಲಕ್ಕಿರುವುದು ರಸ್ತೆಯಂಚಲ್ಲ, ಎದುರು ಬರುವ ಚಾಲಕನ ಮುಖ.

ಹೆಚ್ಚು ಬೆಳಕು, ಕಡಿಮೆ ನೋಟ

ಎದುರಿನವನ ಮಾತಿರಲಿ, ಕಿಟ್ಟು ಕೂರಿಸಿದವನಿಗಾದರೂ ಲಾಭವಿದೆಯೆ? ಅದೂ ಸಂದೇಹವೇ. ಕಾರಿನ ಮುಂದಿನ ಹತ್ತಿಪ್ಪತ್ತು ಅಡಿ ನೆಲ ಝಗಝಗಿಸಿದಾಗ ಕಣ್ಣಿನ ಪಾಪೆ ಕುಗ್ಗುತ್ತದೆ. ಕುಗ್ಗಿದ ಪಾಪೆಗೆ ದೂರದ ಮಬ್ಬಿನಲ್ಲಿರುವುದು ಮೊದಲಿಗಿಂತ ಕಡಿಮೆ ಕಾಣುತ್ತದೆ. ಚಾಲಕನಿಗೆ ಮಾತ್ರ ಎಲ್ಲವೂ ಬೆಳಗಿದೆ ಎಂಬ ಭ್ರಮೆ. ಬೆಳಕಿನ ಲೆಕ್ಕವೂ ಆಸೆಯ ಲೆಕ್ಕಕ್ಕೆ ಹೊಂದುವುದಿಲ್ಲ. ಎರಡರಷ್ಟು ದೂರ ಅಷ್ಟೇ ಚೆನ್ನಾಗಿ ಕಾಣಬೇಕಾದರೆ ನಾಲ್ಕರಷ್ಟು ಬೆಳಕು ಬೇಕು. ಬೆಳಕನ್ನು ಇಮ್ಮಡಿ ಮಾಡಿದರೆ ಸಿಗುವ ದೂರ ಒಂದೂವರೆ ಪಟ್ಟಿಗಿಂತಲೂ ಕಡಿಮೆ.

ವೇಗದ ಲೆಕ್ಕ ಇದಕ್ಕಿಂತ ಕಠೋರ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಅಪಾಯವನ್ನು ಕಂಡು ಬ್ರೇಕಿನ ಮೇಲೆ ಕಾಲಿಡಲು ಒಂದೂವರೆ ಸೆಕೆಂಡು ಹಿಡಿದರೆ, ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿದ್ದರೂ ಅದು ನಿಲ್ಲುವಷ್ಟರಲ್ಲಿ 50 ಮೀಟರಿನಷ್ಟು ದಾರಿ ಸವೆದಿರುತ್ತದೆ. ವೇಗ 80 ಆದರೆ ಆ ದೂರ 75 ಮೀಟರಿನ ಹತ್ತಿರಕ್ಕೆ ಹೋಗುತ್ತದೆ. ಬೆಳಕು ಹೆಚ್ಚಿತೆಂಬ ಧೈರ್ಯದಿಂದ ವೇಗವನ್ನು ಹೆಚ್ಚಿಸಿದವನು ಕೊಂಡ ಬೆಳಕನ್ನೆಲ್ಲ ವೇಗಕ್ಕೆ ತೆತ್ತು, ಮೊದಲಿದ್ದ ಅಪಾಯಕ್ಕೇ ಮರಳಿ ಬಂದು ನಿಲ್ಲುತ್ತಾನೆ.

ಎದುರಿನವನ ಗತಿಯೇನು? ಪ್ರಖರ ಬೆಳಕು ಕಣ್ಣಿಗೆ ಬಿದ್ದ ಮೇಲೆ ನೋಟ ಮರಳಲು ಕೆಲವು ಸೆಕೆಂಡುಗಳು ಬೇಕು. ವಯಸ್ಸಾದವರಿಗೆ, ಕಣ್ಣಿನಲ್ಲಿ ಪೊರೆ ಬೆಳೆಯುತ್ತಿರುವವರಿಗೆ ಇನ್ನೂ ಹೆಚ್ಚು. ಮೂರೇ ಸೆಕೆಂಡೆಂದು ಹಿಡಿದರೂ 60 ಕಿ.ಮೀ. ವೇಗದಲ್ಲಿ ಆತ 50 ಮೀಟರನ್ನು ಕುರುಡನಾಗಿ ಸಾಗುತ್ತಾನೆ. ಆ 50 ಮೀಟರಿನೊಳಗೆ ಕಬ್ಬಿನ ಟ್ರೇಲರಿನ ಹಿಂಭಾಗವಿರಬಹುದು. ಅದು ಅಲ್ಲಿರುತ್ತದೆಂದು ಆತನಿಗೆ ಹಗಲಿನಲ್ಲಿ ಗೊತ್ತು. ಹಗಲು ಕಂಡ ಬಾವಿಗೆ ಇರುಳು ಬಿದ್ದಂತೆ ಎಂಬ ಗಾದೆಯನ್ನು ಹೆದ್ದಾರಿ ಹೀಗೆ ನಿಜ ಮಾಡುತ್ತದೆ. ಬಿದ್ದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಬರಬಹುದು. ಬೆಳಕು ಚೆಲ್ಲಿ ಹೋದವನಿಗೆ ಹಿಂದೆ ಏನಾಯಿತೆಂಬುದು ತಿಳಿಯುವುದೂ ಇಲ್ಲ.

ದೀಪವಿಲ್ಲದವರ ರಸ್ತೆ

ಈ ವಾದದಲ್ಲಿ ಯಾವಾಗಲೂ ಕೇಳಿಸುವುದು ದೀಪವುಳ್ಳವರ ದನಿ. ರಸ್ತೆಯಾದರೋ ದೀಪವಿಲ್ಲದವರದೂ ಹೌದು. ಯುಗಾದಿಯ ಹೊತ್ತಿಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಕಡೆಯಿಂದ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವ ಭಕ್ತರು ಬಿಸಿಲನ್ನು ತಪ್ಪಿಸಿಕೊಳ್ಳಲು ರಾತ್ರಿಯನ್ನೂ ನಸುಕನ್ನೂ ನೆಚ್ಚುತ್ತಾರೆ. ಭೀಮಾತೀರದ ಘತ್ತರಗಿಯ ಭಾಗ್ಯವಂತಿಯ ದರ್ಶನಕ್ಕೆ ನಡೆದು ಹೋಗುವವರಿದ್ದಾರೆ. ರಾತ್ರಿ ಪಾಳಿಯಲ್ಲಿ ಹೊಲಕ್ಕೆ ನೀರು ಹಾಯಿಸಲು ಹೋಗುವ ರೈತನಿದ್ದಾನೆ, ಏಕೆಂದರೆ ಪಂಪಿಗೆ ಕರೆಂಟು ಬರುವುದು ರಾತ್ರಿ. ಕಬ್ಬು ಕಡಿಯುವ ತಾಂಡಾದ ಜನರಿದ್ದಾರೆ, ಅವರ ಕೂಸುಗಳಿವೆ. ಇವರಿಗೆ ಇರುಳಿನಲ್ಲಿ ದಾರಿ ತೋರಿಸುವುದು ನಕ್ಷತ್ರದ ಬೆಳಕಿಗೆ ಒಗ್ಗಿದ ತಮ್ಮ ಕಣ್ಣೊಂದೇ. ಆ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಷ್ಟು ಬೇಕು. ಕೆಡಲು ಒಂದು ಕಾರು ಸಾಕು.

ಮನುಷ್ಯರಲ್ಲದವರೂ ಇದ್ದಾರೆ. ಮೊಲವನ್ನು ಕದ್ದು ಬೇಟೆಯಾಡುವವರು ಬಳಸುವ ಆಯುಧಗಳಲ್ಲಿ ಮೊದಲನೆಯದು ಕೋವಿಯಲ್ಲ, ಪ್ರಖರವಾದ ಬ್ಯಾಟರಿ. ಬೆಳಕಿಗೆ ಸಿಕ್ಕ ಮೊಲ ಓಡುವುದನ್ನು ಮರೆತು ನಿಂತುಬಿಡುತ್ತದೆ. ಆ ವಿದ್ಯೆಯನ್ನು ಕಳ್ಳಬೇಟೆಯವನು ಬೇಕೆಂದೇ ಬಳಸಿದರೆ, ಹೆದ್ದಾರಿಯ ಚಾಲಕ ಬೇಡದೆಯೇ ಪ್ರತಿ ರಾತ್ರಿ ಬಳಸುತ್ತಾನೆ. ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಂಡ ಡಾಂಬರಿನ ಮೇಲೆ ಬಂದು ಕೂರುವ ನತ್ತಿಂಗ ಹಕ್ಕಿ ಕೊನೆಯ ಕ್ಷಣದವರೆಗೂ ಮೇಲೇಳುವುದಿಲ್ಲ. ದೀಪದೆದುರು ಸುತ್ತುವ ಪತಂಗಗಳು ಬೆಳಕಿನ ಮೋಹಕ್ಕೆ ಬಿದ್ದಿವೆ ಎಂಬುದು ಹಳೆಯ ನಂಬಿಕೆ. 2024ರ ಜನವರಿಯಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ನಲ್ಲಿ ಪ್ರಕಟವಾದ ಅಧ್ಯಯನವು ಬೇರೊಂದನ್ನೇ ತೋರಿಸಿತು. ಹಾರುವ ಕೀಟ ತನ್ನ ಬೆನ್ನನ್ನು ಸದಾ ಬೆಳಕಿನ ಕಡೆಗೆ ತಿರುಗಿಸಿಕೊಳ್ಳುತ್ತದೆ. ಆಕಾಶವೇ ಇರುಳಿನ ಬೆಳಕಾಗಿದ್ದ ಕೋಟ್ಯಂತರ ವರ್ಷಗಳಲ್ಲಿ ಅದಕ್ಕೆ ಮೇಲೆ ಯಾವುದು, ಕೆಳಗೆ ಯಾವುದು ಎಂದು ತಿಳಿಯುತ್ತಿದ್ದುದು ಹಾಗೆ. ಮನುಷ್ಯನ ದೀಪ ಆ ದಿಕ್ಕನ್ನೇ ಕದ್ದಿದೆ. ನೀಲಿಗೆ ಹತ್ತಿರವಾದ ಕಿರಣಗಳು ಹೆಚ್ಚಿದಷ್ಟೂ ಕೀಟಗಳು ಹೆಚ್ಚು ದಾರಿ ತಪ್ಪುತ್ತವೆ. ಹ್ಯಾಲೊಜನ್ ಬಲ್ಬಿನ ಬಣ್ಣದ ತಾಪ 3,200 ಕೆಲ್ವಿನ್ನಿನ ಆಸುಪಾಸು. ಪೇಟೆಯ ಕಿಟ್ಟುಗಳು ಹೆಮ್ಮೆಯಿಂದ ಸಾರಿಕೊಳ್ಳುವುದು 6,000, 6,500. ಬಿಳುಪು ಹೆಚ್ಚಿದೆಯೆಂದು ಹಿಗ್ಗುವವನು ನೀಲಿಯನ್ನು ಕೊಂಡಿರುತ್ತಾನೆ.

ಅಂಗಳದಲ್ಲಿ ನಿಜವಾಗಿ ಮಾಡಬೇಕಾದ ಕೆಲಸ

ಹಾಗಾದರೆ ಹಳೆಯ ಕಾರಿನವರು ಮಬ್ಬು ದೀಪದಲ್ಲಿಯೇ ತಡವರಿಸಬೇಕೆ? ಖಂಡಿತ ಇಲ್ಲ. ಹಳೆಯ ದೀಪ ಮಬ್ಬಾಗಿರುವುದು ಅದು ಹಳೆಯ ಜಾತಿಯದೆಂಬ ಕಾರಣಕ್ಕಲ್ಲ, ಅದಕ್ಕೆ ಸಲ್ಲಬೇಕಾದುದು ಸಲ್ಲದಿರುವುದಕ್ಕೆ. ಹಳೆಯ ಕಾರುಗಳಲ್ಲಿ ದೀಪದ ವಿದ್ಯುತ್ತೆಲ್ಲ ಸ್ಟಿಯರಿಂಗಿನ ಬಳಿಯ ಸ್ವಿಚ್ಚಿನ ಮೂಲಕ, ಸವೆದ ತಂತಿಗಳಲ್ಲಿ, ತುಕ್ಕು ಹಿಡಿದ ಕೊಂಡಿಗಳಲ್ಲಿ ಹಾದು ಬರುತ್ತದೆ. ಎಂಜಿನ್ ಚಾಲೂ ಇದ್ದಾಗ ಬ್ಯಾಟರಿಯಲ್ಲಿ 13.5 ವೋಲ್ಟ್ ಇದ್ದು ಬಲ್ಬಿನ ಬುಡದಲ್ಲಿ 12 ಮಾತ್ರ ಉಳಿದಿದ್ದರೆ, ಬೆಳಕಿನ ಮೂರನೆಯ ಒಂದು ಪಾಲು ದಾರಿಯಲ್ಲಿಯೇ ಸೋರಿಹೋಗಿರುತ್ತದೆ. ಹ್ಯಾಲೊಜನ್ ತಂತಿಯ ಬೆಳಕು ವೋಲ್ಟೇಜು ಇಳಿದುದಕ್ಕಿಂತ ಎಷ್ಟೋ ಹೆಚ್ಚಾಗಿ ಇಳಿಯುತ್ತದೆ. ಇದಕ್ಕೆ ಮದ್ದು ಹೊಸ ಬಲ್ಬಲ್ಲ, ಎರಡು ರಿಲೇಗಳು. ಬ್ಯಾಟರಿಯಿಂದ ಫ್ಯೂಸಿನ ಮೂಲಕ ದಪ್ಪ ತಂತಿಯೊಂದು ರಿಲೇಗೆ, ರಿಲೇಯಿಂದ ನೇರವಾಗಿ ದೀಪಕ್ಕೆ. ಹಳೆಯ ಸ್ವಿಚ್ಚಿಗೆ ರಿಲೇಯನ್ನು ಕರೆಯುವ ಹಗುರ ಕೆಲಸವಷ್ಟೆ. ಅರ್ಥಿಂಗ್ ಕೊಂಡಿಯನ್ನು ಉಜ್ಜಿ ಬಿಗಿದರೆ ಸತ್ತಂತಿದ್ದ ದೀಪಕ್ಕೆ ಜೀವ ಬರುತ್ತದೆ.

ರಿಲೇ ಹಾಕದೆ 100/90 ವಾಟಿನ ‘ರ್‍ಯಾಲಿ’ ಬಲ್ಬನ್ನು ತುರುಕುವವರು ಇದೇ ರೋಗಕ್ಕೆ ವಿಷ ಕುಡಿಸುವವರು. 60 ವಾಟಿನ ತಂತಿ ಸೆಳೆಯುವುದು 5 ಆಂಪಿಯರ್, 100 ವಾಟಿನದು 8ಕ್ಕೂ ಹೆಚ್ಚು. ಹಳೆಯ ಸ್ವಿಚ್ಚು ಕರಗುವುದೂ ಪ್ರತಿಫಲಕ ಸುಡುವುದೂ ಇದರಿಂದಲೇ. ರ್‍ಯಾಲಿಯ ವಿಶೇಷ ಹಂತಗಳಲ್ಲಿ ರಸ್ತೆಯನ್ನು ಮುಚ್ಚಿರುತ್ತಾರೆ. ಎದುರಿಗೆ ಯಾರೂ ಬರುವುದಿಲ್ಲವೆಂಬ ಭರವಸೆಯ ಮೇಲೆ ಅಲ್ಲಿ ಅಷ್ಟೊಂದು ಬೆಳಕು ಸಲ್ಲುತ್ತದೆ. ಸಿಂದಗಿಯ ರಸ್ತೆಯನ್ನು ಯಾರ ಕಾರಿಗಾಗಿಯೂ ಯಾರೂ ಮುಚ್ಚುವುದಿಲ್ಲ.

ಎರಡನೆಯದು ಗಾಜು. ಪಾಲಿಕಾರ್ಬೊನೇಟಿನ ಮುಖವಾದರೆ ಬಿಸಿಲಿಗೆ ಹಳದಿಗಟ್ಟಿರುತ್ತದೆ. ನೀರು ಹಾಕುತ್ತ ಒರಟಿನಿಂದ ನಯಕ್ಕೆ ಮರಳುಕಾಗದ ಉಜ್ಜಿ, ಪಾಲಿಶು ಮಾಡಿ, ಮೇಲೆ ಅತಿನೇರಳೆ ಕಿರಣವನ್ನು ತಡೆಯುವ ಲೇಪ ಹಚ್ಚಬೇಕು. ಲೇಪವನ್ನು ಮರೆತರೆ ಹಳದಿ ಬೇಗನೆ ಮರಳುತ್ತದೆ. ನಿಜವಾದ ಗಾಜಾದರೆ ತೊಳೆದರೆ ಸಾಕು. ಒಳಗಿನ ಪ್ರತಿಫಲಕವನ್ನು ಮಾತ್ರ ಬಟ್ಟೆಯಿಂದ ಒರೆಸಬಾರದು, ಅದರ ತೆಳುಪದರ ಕಿತ್ತುಬರುತ್ತದೆ. ಅದು ಕಪ್ಪಾಗಿದ್ದರೆ ದೀಪದ ಇಡೀ ಗೂಡನ್ನು ಪ್ರಮಾಣಿತವಾದ ಹೊಸದರಿಂದ ಬದಲಿಸುವುದೇ ಸರಿ. ಜೀಪು, ಅಂಬಾಸಡರ್‌ಗಳ ಏಳಿಂಚಿನ ದುಂಡು ದೀಪಕ್ಕೆ ಇಂಥ ಗೂಡುಗಳು ಹಿಂದಿನಿಂದಲೂ ಸಿಗುತ್ತವೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಗುರಿ. ಚಕ್ರಗಳಿಗೆ ಸರಿಯಾಗಿ ಗಾಳಿ ತುಂಬಿ, ಸಮತಟ್ಟಾದ ನೆಲದಲ್ಲಿ, ಚಾಲಕನ ಆಸನದಲ್ಲಿ ಒಬ್ಬರನ್ನು ಕೂರಿಸಿ, ಗೋಡೆಯಿಂದ 10 ಮೀಟರ್ ದೂರದಲ್ಲಿ ಕಾರನ್ನು ನಿಲ್ಲಿಸಬೇಕು. ದೀಪದ ನಡುಬಿಂದುವಿನ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತಿಸಬೇಕು. ತಗ್ಗುಬೆಳಕಿನ ಮೇಲಂಚು ಆ ಗೆರೆಗಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳಬೇಕು, ಎಡಕ್ಕೆ ಮಾತ್ರ ಏರಬೇಕು. ತಿರುಪು ತಿರುಗಿಸುವ ಈ ಕೆಲಸಕ್ಕೆ ಕಾಸೂ ಖರ್ಚಿಲ್ಲ. ಗುರಿ ತಪ್ಪಿದ ಹೊಸ ದೀಪಕ್ಕಿಂತ ಗುರಿಯಿರುವ ಹಳೆಯ ದೀಪದಲ್ಲಿ ಹೆಚ್ಚು ದಾರಿ ಕಾಣುತ್ತದೆ.

ಕಾನೂನಿದೆ, ಕಣ್ಣಿಲ್ಲ

ಕಾನೂನು ಈ ವಿಷಯದಲ್ಲಿ ಮೂಕವೇನೂ ಅಲ್ಲ. ವಾಹನದ ಮುಂದಿನಿಂದ 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಯನ್ನು ದೀಪ ಕುಕ್ಕಬಾರದು, ಅದು ಶಾಶ್ವತವಾಗಿ ಕೆಳಕ್ಕೆ ಬಾಗಿರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೆಯ ನಿಯಮ ಹೇಳುತ್ತದೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು 1988ರ ಕಾಯಿದೆಯ 52ನೆಯ ಕಲಮನ್ನು ವಿವರಿಸಿತು. ಅದೇ ವರ್ಷದ ತಿದ್ದುಪಡಿ ಅಕ್ರಮ ಮಾರ್ಪಾಡಿಗೆ ಒಂದೊಂದಕ್ಕೆ 5,000 ರೂಪಾಯಿಯ ದಂಡವನ್ನೋ ಆರು ತಿಂಗಳವರೆಗಿನ ಸೆರೆಯನ್ನೋ ತಂದಿತು. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ 2024ರ ಜುಲೈ 1ರಿಂದ ಪ್ರಕರಣ ದಾಖಲಿಸಬೇಕೆಂದು ರಾಜ್ಯದ ಸಂಚಾರ ಮತ್ತು ರಸ್ತೆ ಸುರಕ್ಷತಾ ವಿಭಾಗದ ಆಗಿನ ಎಡಿಜಿಪಿ ಅಲೋಕ್ ಕುಮಾರ್ ಎಲ್ಲ ಜಿಲ್ಲೆಗಳ ಪೊಲೀಸರಿಗೆ ಸೂಚಿಸಿದರು.

ಒಳ್ಳೆಯದೇ. ಆದರೆ ದಂಡ ತೆರುವವನು ಯಾರು? ಅಂಗಡಿಯಲ್ಲಿ ರಾಜಾರೋಷವಾಗಿ ಮಾರುವುದನ್ನು ಕೊಂಡು ಹಾಕಿಕೊಂಡವನು. ಮಾರಿದವನ ಅಂಗಡಿ ಮರುದಿನವೂ ತೆರೆದಿರುತ್ತದೆ, ತಯಾರಿಸಿದವನ ಜಾಹೀರಾತು ಮರುದಿನವೂ ಬೆಳಗುತ್ತಿರುತ್ತದೆ. ಹಾಕಿದರೆ ಅಪರಾಧವಾಗುವ ವಸ್ತುವನ್ನು ಮಾರುವುದು ವ್ಯಾಪಾರವಾಗುವುದು ಯಾವ ನ್ಯಾಯ? ದಂಡದ ರಸೀತಿಯಿಂದ ಖಜಾನೆ ತುಂಬೀತೇ ಹೊರತು ರಸ್ತೆ ತಂಪಾಗದು. ದೀಪ ಕುಕ್ಕುತ್ತದೆಯೇ ಇಲ್ಲವೇ ಎಂಬುದು ತಿಳಿಯುವುದು ರಾತ್ರಿ, ರಸ್ತೆಯ ಮೇಲೆ, ಉಪಕರಣದಿಂದ. ಹಗಲಿನ ನಾಕಾದಲ್ಲಿ ಬಲ್ಬಿನ ಬಣ್ಣ ನೋಡಿ ಬರೆಯುವ ಪ್ರಕರಣ ನ್ಯಾಯದ ಅಣಕವಾಗುತ್ತದೆ.

ಇನ್ನೊಂದು ಅನ್ಯಾಯವನ್ನೂ ಹೇಳದೆ ಬಿಡುವಂತಿಲ್ಲ. ಕಾರ್ಖಾನೆಯಿಂದಲೇ ಎತ್ತರವಾಗಿ, ಪ್ರಖರವಾಗಿ, ಎಲ್ಲ ಪ್ರಮಾಣಪತ್ರಗಳೊಂದಿಗೆ ಹೊರಬರುವ ದೊಡ್ಡ ಗಾಡಿಗಳ ದೀಪ ತಗ್ಗಾದ ಹಳೆಯ ಕಾರಿನ ಚಾಲಕನ ಕಣ್ಣಿಗೆ ಸರಿಯಾಗಿ ಬೀಳುತ್ತದೆ. ಅವನು ಕಿಟ್ಟು ಕೊಳ್ಳಲು ಓಡುವುದು ಬಹುಮಟ್ಟಿಗೆ ಆ ಪೆಟ್ಟು ತಿಂದೇ. ಬಡವನ ಕಿಟ್ಟಿಗೆ ದಂಡ, ಉಳ್ಳವನ ಕಾರ್ಖಾನೆಯ ಬೆಳಕಿಗೆ ಮುದ್ರೆ ಎಂದಾದರೆ ಕಾನೂನು ಬೆಳಕನ್ನು ಅಳೆಯುತ್ತಿಲ್ಲ, ಬೆಲೆಯನ್ನು ಅಳೆಯುತ್ತಿದೆ.

‘ಎದುರಿನವನು ಹಾಕುವವರೆಗೆ ನಾನೂ ಹಾಕುತ್ತೇನೆ’ ಎಂಬ ಮಾತು ಹೆದ್ದಾರಿಯ ಪ್ರತಿ ಚಹಾದಂಗಡಿಯಲ್ಲಿ ಕೇಳುತ್ತದೆ. ಕೊಳವೆಬಾವಿಯ ಕಥೆಯೂ ಹೀಗೆಯೇ ಆರಂಭವಾಗಿತ್ತು. ಪಕ್ಕದ ಹೊಲದವನು 300 ಅಡಿ ಕೊರೆಸಿದನೆಂದು ಇವನು 500 ಕೊರೆಸಿದ, ಅವನು 800ಕ್ಕೆ ಇಳಿದ. ಕೊನೆಗೆ ನೀರು ಇಬ್ಬರಿಗೂ ಇಲ್ಲ, ಸಾಲ ಮಾತ್ರ ಇಬ್ಬರಿಗೂ ಉಳಿಯಿತು. ಬೆಳಕಿನ ಪೈಪೋಟಿಯಲ್ಲಿ ಬತ್ತುವುದು ಇಬ್ಬರ ನೋಟ.

ಬೆಳಕನ್ನು ವಿರೋಧಿಸುವವರು ಹಳ್ಳಿಗಳನ್ನು ಕತ್ತಲೆಯಲ್ಲಿಡಲು ಹೊರಟಿದ್ದಾರೆ ಎಂಬ ಆಕ್ಷೇಪವೂ ಬರುತ್ತದೆ. ಇಲ್ಲಿ ವಿರೋಧವಿರುವುದು ಬೆಳಕಿಗಲ್ಲ, ಎಲ್‌ಇಡಿಗೂ ಅಲ್ಲ. ಅದಕ್ಕೆಂದೇ ರೂಪಿಸಿದ ಗೂಡಿನಲ್ಲಿ, ಅದಕ್ಕೆಂದೇ ರೂಪಿಸಿದ ಗಾಜಿನ ಹಿಂದೆ, ಸರಿಯಾದ ಗುರಿಯಿರುವ ಎಲ್‌ಇಡಿ ಕಡಿಮೆ ವಿದ್ಯುತ್ತಿನಲ್ಲಿ ಒಳ್ಳೆಯ ಕೆಲಸ ಮಾಡುತ್ತದೆ. ವಿರೋಧವಿರುವುದು ಒಬ್ಬನ ಬೆಳಕು ಇನ್ನೊಬ್ಬನ ಕತ್ತಲೆಯಾಗುವುದಕ್ಕೆ.

ಇರುಳು ಯಾರದು?

ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ 2009ರಲ್ಲಿ ತಡೆ ಬಿದ್ದಾಗ ವ್ಯಾಪಾರ ಮುಳುಗಿತೆಂಬ ಕೂಗೆದ್ದಿತು. 2010ರ ಮಾರ್ಚಿಯಲ್ಲಿ ಕರ್ನಾಟಕ ಹೈಕೋರ್ಟು ಆ ತಡೆಯನ್ನು ಎತ್ತಿಹಿಡಿಯಿತು. ಇರುಳೂ ಒಂದು ನೆಲೆ, ಅದಕ್ಕೂ ವಾಸಿಗಳಿದ್ದಾರೆ ಎಂಬ ಮಾತಿಗೆ ಅಂದು ಮನ್ನಣೆ ಸಿಕ್ಕಿತು. ಸಿಂದಗಿಯಲ್ಲಿ ಹೆದ್ದಾರಿಯನ್ನು ಮುಚ್ಚಬೇಕೆಂದು ಯಾರೂ ಕೇಳುತ್ತಿಲ್ಲ. ಆದರೆ ಹುಲಿಯಿರುವ ಕಾಡಿನ ಇರುಳಿಗೆ ಬೆಲೆಯಿದ್ದು, ಕುರಿಯಿರುವ ಬಯಲಿನ ಇರುಳಿಗೆ ಇಲ್ಲವೆಂದರೆ ಆ ಪರಿಸರಪ್ರಜ್ಞೆ ಅರ್ಧದ್ದು.

ಕೇಳಬೇಕಾದುದು ದೊಡ್ಡದೇನಲ್ಲ. ಹ್ಯಾಲೊಜನ್ ಗೂಡಿಗೆ ತುರುಕುವ ಕಿಟ್ಟುಗಳ ಮಾರಾಟವನ್ನೇ ನಿಲ್ಲಿಸಬೇಕು. ವಾಹನದ ಅರ್ಹತಾ ಪರೀಕ್ಷೆಯಲ್ಲಿ ದೀಪದ ಗುರಿಯನ್ನು ಉಪಕರಣದಿಂದ ನಿಜವಾಗಿ ಅಳೆಯಬೇಕು. ಹೊಸ ವಾಹನಗಳ ದೀಪದ ಎತ್ತರಕ್ಕೂ ಪ್ರಖರತೆಗೂ ಬಿಗಿಯಾದ ಮಿತಿ ಬೇಕು. ಸಕ್ಕರೆ ಕಾರ್ಖಾನೆಗಳು ಪ್ರತಿಫಲಕ ಪಟ್ಟಿಯಿಲ್ಲದ ಟ್ರೇಲರಿನ ಕಬ್ಬನ್ನು ತೂಕಕ್ಕೇ ಹಾಕಿಕೊಳ್ಳಬಾರದು. ಚಕ್ಕಡಿಗಳಿಗೆ, ಸೈಕಲ್ಲುಗಳಿಗೆ, ಪಾದಯಾತ್ರಿಗಳ ಚೀಲಗಳಿಗೆ ಅಂಥ ಪಟ್ಟಿಯನ್ನು ಪಂಚಾಯಿತಿಗಳೇ ಹಂಚಬೇಕು. ಆ ಪಟ್ಟಿ ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಮರಳಿಸುತ್ತದೆ. ಹಳೆಯ ಕಾರಿನ ಸಾಧಾರಣ ದೀಪಕ್ಕೂ ನೂರಾರು ಮೀಟರ್ ದೂರದಿಂದಲೇ ಮಿನುಗುತ್ತದೆ. ಒಂದು ಕಿಟ್ಟಿನ ಬೆಲೆಯಲ್ಲಿ ಎಷ್ಟೋ ಚಕ್ಕಡಿಗಳಿಗೆ ಅದನ್ನು ಅಂಟಿಸಬಹುದು.

ಲಾರಿಗಳ ಬೆನ್ನ ಮೇಲೆ ‘ಯೂಸ್ ಡಿಪ್ಪರ್ ಅಟ್ ನೈಟ್’ ಎಂದು ಬರೆಸುತ್ತಿದ್ದ ಕಾಲ, ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದ ಕಾಲ ತೀರ ಹಿಂದಿನದಲ್ಲ. ಆ ಕಪ್ಪು ಬಣ್ಣ ವಿಜ್ಞಾನಕ್ಕೆ ಪೂರ್ತಿ ಒಪ್ಪುವಂಥದಲ್ಲದಿರಬಹುದು. ಆದರೆ ಅದನ್ನು ಬಳಿದ ಕೈಗೆ ರಸ್ತೆಯ ಆಚೆಯಲ್ಲಿ ಇನ್ನೊಬ್ಬನಿದ್ದಾನೆ ಎಂಬ ಅರಿವಿತ್ತು. ಅಂಗಳದಲ್ಲಿ ಬಾನೆಟ್ಟು ತೆರೆದು ನಿಂತವರು ಮೊದಲು ಹೊಂದಿಸಿಕೊಳ್ಳಬೇಕಾದ ಉಪಕರಣ ಆ ಅರಿವೇ. ಬಲ್ಬನ್ನು ಆಮೇಲೆ ಕೊಳ್ಳಬಹುದು.